ಇಳಕಲ್ ಸೀರೆಯ ಗೊಂಬೆಗಳು

ಅನಂತಲಕ್ಷ್ಮಿ ಕೇದಾರ ಘಾಟಿನ ಪುರೋಹಿತ ಬದರೀನಾರಾಯಣರನ್ನು ಮದುವೆಯಾಗಿ ಶ್ರೀರಂಗಪಟ್ಟಣದಿಂದ ಕಾಶಿಗೆ ಬಂದಾಗ ಅವಳಿಗೆ ಬರುತ್ತಿದ್ದದ್ದು ಸಿನಿಮಾ ಹಿಂದಿ ಮಾತ್ರ. ಈಗ ಗಲ್ಲಿಯ ಹೆಂಗಸರೊಡನೆ ಭೋಜಪುರಿಯಲ್ಲೇ ಜಗಳವಾಡುತ್ತಾಳೆ. ಮಗ ಪವಮಾನ ಮಾತ್ರ ಚಿಕ್ಕಂದಿನಿಂದಲೂ ಅವಳ ಕನ್ನಡಕ್ಕೆ ಹಿಂದಿಯಲ್ಲೇ ಉತ್ತರ ಕೊಟ್ಟವನು. ಅವನು ಓದಲೆಂದು ಲಖನೌಗೆ ಹೋದ ಮೇಲೆ ಮನೆಯ ಮಧ್ಯಾಹ್ನಗಳು ಮುಗಿಯದಾದವು. ಸೋನಾರ್‌ಪುರಾದ ಗ್ರಂಥಾಲಯ ನೋಡಿಕೊಳ್ಳುವ ವಿಶ್ವಾರಾಧ್ಯರು ಜಂಗಮವಾಡಿಯ ಹಳೆಯ ಕನ್ನಡ ಮನೆತನದವರು. ಶನಿವಾರ ಸಂಜೆ ಮಕ್ಕಳ ಕೋಣೆಯಲ್ಲಿ ಕಥೆ ಓದಿ ಹೇಳಲು ಯಾರೂ ಇಲ್ಲ, ಬರುತ್ತೀರಾ ಎಂದು ಅವರು ಕೇಳಿದಾಗ ಅವಳು ಎರಡು ಮಾತಾಡದೆ ಒಪ್ಪಿಕೊಂಡಳು.

ಬರೀ ಓದಿದರೆ ಘಾಟಿನ ಮಕ್ಕಳು ಕೂರುವವರಲ್ಲ. ಅದಕ್ಕೇ ಅವಳು ಕೈಗೆ ತೊಡುವ ಬಟ್ಟೆ ಗೊಂಬೆಗಳನ್ನು ಹೊಲಿಯತೊಡಗಿದಳು. ಪುರೋಹಿತರ ಮನೆಯಲ್ಲಿ ಬಟ್ಟೆಗೇನು ಬರ, ಯಾತ್ರಿಕರು ಕೊಟ್ಟ ದಾನದ ವಸ್ತ್ರಗಳು ಟ್ರಂಕು ತುಂಬಿದ್ದವು. ಅದರಲ್ಲೊಂದು ಉಟ್ಟು ಸವೆದ ಇಳಕಲ್ ಸೀರೆ. ಧಾರವಾಡದ ಕಡೆಯ ಒಂದು ಕುಟುಂಬ ಶ್ರಾದ್ಧ ಮುಗಿಸಿ ಹೊರಟಾಗ, ಆ ಮನೆಯ ಮಗಳು ಅದನ್ನು ಹೊಸ್ತಿಲ ಬಳಿ ಇಟ್ಟು, ಯಾರಿಗಾದರೂ ಆಗಲಿ ಎಂದು ಹೇಳಿ ಹೋಗಿದ್ದಳು. ಉಡುವ ಹಾಗಿರಲಿಲ್ಲ. ಅನಂತಲಕ್ಷ್ಮಿ ಅದರ ಕೆಂಪು ಸೆರಗನ್ನು ಕತ್ತರಿಸಿ ಐದು ಗೊಂಬೆ ಹೊಲಿದು, ಗುಂಡಿಯ ಕಣ್ಣು ಹಚ್ಚಿದಳು.

ದೋಣಿಯವರ ಮಗಳು ರಿಮ್‌ಝಿಮ್‌ಗೆ ಎಂಟು ವರ್ಷ. ಮೊದಲ ದಿನವೇ ಅವಳು ಒಂದು ಗೊಂಬೆಯನ್ನು ಕೈಗೆ ತೊಟ್ಟು, ರಾಣಿಯ ಹಾಗೆ ಮಾತಾಡಬೇಕಾದ ಕಡೆ ಸುಮ್ಮನಾದಳು. ಗೊಂಬೆಯ ತಲೆ ನಿಧಾನವಾಗಿ ಅನಂತಲಕ್ಷ್ಮಿಯತ್ತ ತಿರುಗಿತು.

"ತಂಗೀ, ಇಲ್ಲೆ ಬಾ."

ದನಿ ಹುಡುಗಿಯದೇ, ಆದರೆ ಮಾತು ಕನ್ನಡದ್ದು, ದಣಿದ ಮುದುಕಿಯ ಎಳೆತವೂ ಅದರಲ್ಲಿತ್ತು. ವಿಶ್ವಾರಾಧ್ಯರು ಇದನ್ನು ಕೇಳಿ ನಕ್ಕರು. ದೋಣಿಯವರ ಮಕ್ಕಳಿಗೆ ಯಾತ್ರಿಕರಿಂದ ನಾಲ್ಕು ಭಾಷೆಯ ನಾಲ್ಕು ಮಾತು ಬಂದೇ ಬರುತ್ತದೆ ಎಂದರು. ಇರಬಹುದು ಎಂದು ಅವಳೂ ಸಮಾಧಾನ ಮಾಡಿಕೊಂಡಳು.

ಮುಂದಿನ ಶನಿವಾರ ಹುಲಿಯ ಕಥೆ ನಡೆದಿತ್ತು. ರಿಮ್‌ಝಿಮ್‌ಳ ಗೊಂಬೆ ನಡುವೆಯೇ ಬಾಯಿ ಹಾಕಿತು.

"ಎಲ್ಲಾರ ಹೆಸರೂ ತೊಗೊಂಡ್ರು. ನಂದೊಂದು ಬಿಟ್ರು."

ಅನಂತಲಕ್ಷ್ಮಿ ಪುಸ್ತಕ ಮಡಚಿದಳು. ಏನು ಹೇಳಿದೆ ಮಗೂ ಎಂದು ಹಿಂದಿಯಲ್ಲಿ ಕೇಳಿದಳು. ಹುಡುಗಿ, ಇದರಲ್ಲಿ ಕೇಳುವುದೇನಿದೆ ಎಂಬಂತೆ ಗೊಂಬೆಯನ್ನು ಎತ್ತಿ ತೋರಿಸಿದಳು. "ಮೈನೇ ನಹೀಂ, ಇಸ್‌ನೇ ಬೋಲಾ."

ನಾನಲ್ಲ, ಇವಳು ಹೇಳಿದ್ದು. ಅಷ್ಟೇ ಹೇಳಿ ಮತ್ತೆ ಹುಲಿಯ ಕಥೆಗೆ ಕಿವಿಗೊಟ್ಟಳು.

ಮನೆಗೆ ಬಂದವಳು ಗಂಡನ ಊಟ ಮುಗಿಯುವವರೆಗೂ ತಡೆದು, ಆಮೇಲೆ ಗೊಂಬೆ ಆಡಿದ ಮಾತನ್ನು ಹೇಳಿ, ಆ ಧಾರವಾಡದವರ ವಿಷಯ ಎತ್ತಿದಳು. ಬದರೀನಾರಾಯಣರಿಗೆ ನೆನಪಿತ್ತು. ತಂದೆಯ ಶ್ರಾದ್ಧಕ್ಕೆ ಬಂದಿದ್ದರು. ತರ್ಪಣದಲ್ಲಿ ಮಲತಾಯಿಯ ಹೆಸರೂ ಬರಬೇಕಾದ್ದರಿಂದ, ಅಂಥವರು ಯಾರಾದರೂ ಇದ್ದರೇ ಎಂದು ಇವರು ಕೇಳಿದ್ದರು. ದೊಡ್ಡ ಮಗ ಸ್ವಲ್ಪ ತಡೆದು, ಇಲ್ಲ ಎಂದಿದ್ದ. ಪಕ್ಕದಲ್ಲಿ ಕೂತಿದ್ದ ತಂಗಿ, ಆಮೇಲೆ ಆ ಸೀರೆ ಇಟ್ಟುಹೋದವಳು, ತಲೆ ಎತ್ತಿರಲಿಲ್ಲ.

"ಹಾಗಾದ್ರೆ ನೀವೇ ಎಳ್ಳುನೀರು ಬಿಡಿ," ಎಂದಳು ಅನಂತಲಕ್ಷ್ಮಿ.

"ಅಂಥವಳು ಇಲ್ಲ ಅಂತ ಮಗನೇ ಅಂದ ಮೇಲೆ ಅವಳನ್ನ ನಾನು ಯಾವ ಹೆಸರಿಟ್ಟು ಕರೀಲಿ ಲಕ್ಷ್ಮೀ?"



ಮೂರನೆಯ ಶನಿವಾರ ಅವಳು ಇಳಕಲ್ ಗೊಂಬೆಗಳನ್ನು ಪೆಟ್ಟಿಗೆಯ ತಳಕ್ಕೆ ಹಾಕಿ, ಮೇಲೆ ಕಾಗದದ ಮುಖವಾಡಗಳನ್ನು ಹರಡಿದ್ದಳು. ಪುಸ್ತಕ ಹುಡುಕಲು ಕಪಾಟಿನತ್ತ ತಿರುಗಿ, ಮತ್ತೆ ಈ ಕಡೆ ನೋಡುವಷ್ಟರಲ್ಲಿ ಐದು ಮಕ್ಕಳ ಕೈಯಲ್ಲಿ ಐದೂ ಗೊಂಬೆಗಳಿದ್ದವು. ಗದ್ದಲ ನಿಂತಿತ್ತು. ಕಿಟಕಿಯಲ್ಲಿ ಇನ್ನೂ ಬಿಸಿಲಿತ್ತು, ಫ್ಯಾನು ತಿರುಗುತ್ತಿತ್ತು. ಐದು ಮಕ್ಕಳ ಬಾಯಿಂದ ಒಂದೇ ದನಿ ಬಂತು.

"ನಂದೊಂದು ಬಿಟ್ರು, ತಂಗೀ."

ಮಕ್ಕಳ ಮುಖದಲ್ಲಿ ಹೆದರಿಕೆಯ ಸುಳಿವೂ ಇರಲಿಲ್ಲ. ಅವಳು ಹೆದರಿದ್ದು ಅದನ್ನು ಕಂಡೇ. ಬಾಗಿಲಲ್ಲಿ ನಿಂತಿದ್ದ ವಿಶ್ವಾರಾಧ್ಯರು ಚೌಕಟ್ಟು ಹಿಡಿದುಕೊಂಡರು. ಅನಂತಲಕ್ಷ್ಮಿ ಚಾಪೆಯ ಮೇಲೆ ಮಂಡಿಯೂರಿ ಕೂತಳು.

"ಅಕ್ಕಾ, ನಿಮ್ಮ ಹೆಸರೇನು?"

ಎಷ್ಟೋ ವರ್ಷ ಯಾರೂ ಕೇಳದ ಪ್ರಶ್ನೆಗೆ ಉತ್ತರ ನೆನಪಿಸಿಕೊಳ್ಳುವ ಹಾಗೆ ಐದೂ ಗೊಂಬೆಗಳ ತಲೆಗಳು ಒಂದೇ ಕಡೆ ವಾಲಿದವು. ಕೊನೆಗೆ ರಿಮ್‌ಝಿಮ್‌ಳ ಗೊಂಬೆಯೊಂದೇ ಬಾಗಿತು.

"ಭಾಗೂಬಾಯಿ."

ಅವಳಿಂದ ಆ ಹೆಸರು ಕೇಳಿದ ಬದರೀನಾರಾಯಣರು ಮರುದಿನ ಬೆಳಗ್ಗೆ ಹೆಂಡತಿಯೊಡನೆ ಚರ್ಚೆ ಮಾಡಲಿಲ್ಲ. ಎಳ್ಳಿನ ಡಬ್ಬಿ ಹಿಡಿದು ಮೆಟ್ಟಿಲಿಳಿದರು, ಅವಳೂ ಹಿಂದೆಯೇ ಹೋದಳು. ಮೊಣಕಾಲು ನೀರಲ್ಲಿ ನಿಂತು, ಆ ಮನೆಯ ಗೋತ್ರ ಹೇಳಿ, ಭಾಗೂಬಾಯಿಯ ಹೆಸರು ಹಿಡಿದು ಅವರು ಎಳ್ಳುನೀರು ಬಿಟ್ಟರು. ಗಾಳಿಯಿರಲಿಲ್ಲ. ಆದರೂ ಅವರ ಕೈಯ ಕೆಳಗಿನ ನೀರು, ಒಳಗಿನಿಂದ ಯಾರೋ ಬೊಗಸೆಯೊಡ್ಡಿದಂತೆ, ತಗ್ಗಿ ಮತ್ತೆ ಸಮವಾಯಿತು.

ಅಂದಿನಿಂದ ಗೊಂಬೆಗಳು ಕನ್ನಡ ಆಡಿಲ್ಲ. ರಿಮ್‌ಝಿಮ್ ತನ್ನದನ್ನು ಮೊಸಳೆ ಮಾಡಿ, ಹಿಂದಿಯಲ್ಲಿ ಗದರುತ್ತ ಬೇರೆ ಮಕ್ಕಳ ಮೂಗು ಕಚ್ಚಿಸುತ್ತಾಳೆ. ವಿಶ್ವಾರಾಧ್ಯರಿಗೆ ನಿದ್ದೆ ಮರಳಿತು. ಅನಂತಲಕ್ಷ್ಮಿಗೆ ಮಾತ್ರ ಯಾರಲ್ಲೂ ಹೇಳಿಕೊಳ್ಳಲಾಗದ ಒಂದು ನಷ್ಟವಾಗಿತ್ತು. ಇಷ್ಟು ವರ್ಷಗಳಲ್ಲಿ ಈ ಊರಿನಲ್ಲಿ ಅವಳನ್ನು ತಂಗಿ ಎಂದು ಕರೆದವರು ಇನ್ನೊಬ್ಬರಿರಲಿಲ್ಲ.

ಈಗ ಅವಳು ಪ್ರತಿ ಕಥೆಯನ್ನೂ ಮೊದಲು ಸ್ವಲ್ಪ ಕನ್ನಡದಲ್ಲಿ ಹೇಳಿ, ಆಮೇಲೆ ಹಿಂದಿಗೆ ಬರುತ್ತಾಳೆ. ಮಕ್ಕಳಿಗೆ ಅರ್ಥವಾಗುವುದಿಲ್ಲ, ಆದರೂ ಆ ಹೊತ್ತಿನಲ್ಲೇ ಅವರು ಎಲ್ಲಕ್ಕಿಂತ ಸುಮ್ಮನಿರುತ್ತಾರೆ. ಹೋದ ಶನಿವಾರ ಅವಳು ಕನ್ನಡದಲ್ಲಿ ಕಥೆ ಶುರುಮಾಡುತ್ತಿದ್ದಂತೆ ರಿಮ್‌ಝಿಮ್ ಬಾಗಿಲ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಹುಡುಗಿ ತನ್ನ ಚಾಪೆಯ ಮೇಲೆ ಒಬ್ಬರಿಗಾಗುವಷ್ಟು ಜಾಗ ಬಿಟ್ಟು ಪಕ್ಕಕ್ಕೆ ಸರಿದು ಕೂತಳು. ಅನಂತಲಕ್ಷ್ಮಿ ಆ ಖಾಲಿ ಜಾಗದತ್ತ ತಿರುಗಿ ಕಥೆ ಮುಂದುವರಿಸಿದಳು.