ಬಾಲವಿಲ್ಲದ ಮುಡಿ

ಕಳ್ಳ ವ್ಯಾಪಾರ ಮಾಡಿದವರು ಉದ್ಧಾರವಾದದ್ದುಂಟೋ ಎಂಬ ಚರ್ಚೆ ಕಟಪಾಡಿಯ ಹೋಟೆಲಿನಲ್ಲಿ ಎದ್ದಾಗಲೆಲ್ಲ ಯಾರಾದರೊಬ್ಬರು ಕಾಪುವಿನ ಮುದ್ದಣ್ಣನ ಹೆಸರೆತ್ತುತ್ತಾರೆ. ಅರ್ಧ ಜನ ನಗುತ್ತಾರೆ, ಉಳಿದವರು ಇನ್ನೊಂದು ಚಾ ಹೇಳುತ್ತಾರೆ. ಮುದ್ದಣ್ಣನನ್ನು ಪೊಲೀಸರು ಹಿಡಿದದ್ದಲ್ಲ, ಕಸ್ಟಮ್ಸಿನವರು ಹಿಡಿದದ್ದೂ ಅಲ್ಲ. ಅವರಿಗೆಲ್ಲಿತ್ತು ಅಷ್ಟು ಯೋಗ್ಯತೆ?

ಎಪ್ಪತ್ತರ ದಶಕದ ಮೊದಲಲ್ಲಿ ನೀವು ಅವನನ್ನು ನೋಡಿದ್ದರೆ ಪಾಪ ಎನ್ನುತ್ತಿದ್ದಿರಿ. ಕಾಲರು ಹರಿದ ಅಂಗಿ, ಬ್ರೇಕಿಲ್ಲದ ಸೈಕಲ್ಲು, ಕ್ಯಾರಿಯರಿನಲ್ಲಿ ತೆಂಗಿನ ನಾರಿನ ಹಗ್ಗದ ಸುರುಳಿಗಳು. ಪಡುಬಿದ್ರಿಯಿಂದ ಉಡುಪಿಯವರೆಗೆ ಹಗ್ಗ ಮಾರುವುದೇ ಅವನ ಕಸುಬೆಂದು ಊರು ನಂಬಿತ್ತು. ನಿಜವಾದ ಕಸುಬು ಬೇರೆ. ದುಬೈ ಕಡೆಯ ಹಡಗುಗಳು ಆಳಕಡಲಿನಲ್ಲಿ ಇಳಿಸಿಕೊಡುವ ಫಾರಿನ್ ವಾಚುಗಳನ್ನು ದಡಕ್ಕೆ ತರಿಸಿ, ಅಡಗಿಸಿಟ್ಟು, ಹೊತ್ತು ನೋಡಿ ಮುಂಬಯಿಗೆ ದಾಟಿಸುವುದು. ಅಡಗಿಸುವುದರಲ್ಲಿ ಅವನನ್ನು ಮೀರಿಸುವವರು ಕರಾವಳಿಯಲ್ಲೇ ಇರಲಿಲ್ಲ. ಅದಕ್ಕೆ ಕಾರಣ ಅಪ್ಪ ಕಲಿಸಿದ ವಿದ್ಯೆ, ಮುಡಿ ಕಟ್ಟುವುದು.

ಅಕ್ಕಿಯನ್ನು ಬೈಹುಲ್ಲಿನೊಳಗೆ ತುಂಬಿ, ಹುಲ್ಲಿನದೇ ಹಗ್ಗ ಬಿಗಿಯುತ್ತ, ಮರದ ಕೊಡತಿಯಿಂದ ಸುತ್ತಲೂ ಬಡಿದು ಗುಂಡಗೆ ಮಾಡಿದರೆ ಅದು ಮುಡಿ. ಚೆನ್ನಾಗಿ ಕಟ್ಟಿದ ಮುಡಿಯೊಳಗೆ ಹುಳ ಹೋಗುವುದಿಲ್ಲ, ನೀರೂ ಹೋಗುವುದಿಲ್ಲ. ಮುದ್ದಣ್ಣನ ಅಪ್ಪನನ್ನು ಕಾರ್ಕಳದ ದೊಡ್ಡ ಮನೆಗಳವರು ಕರೆಸಿ ಮುಡಿ ಕಟ್ಟಿಸುತ್ತಿದ್ದರು. ಮಗ ಅಪ್ಪನಿಗಿಂತ ಒಂದು ಕೈ ಮುಂದೆ ಹೋದ, ಆದರೆ ಊರವರೆದುರು ಒಂದು ಮುಡಿಯನ್ನೂ ಕಟ್ಟಿ ತೋರಿಸಲಿಲ್ಲ. ಬೇರೆಯವರ ಮುಡಿಯಲ್ಲಿ ಹಗ್ಗದ ತುದಿ ಹೊರಗೆ ಬಾಲದಂತೆ ಇಣುಕುತ್ತದೆ. ಮುದ್ದಣ್ಣ ಅದನ್ನು ಒಳಗೇ ತಿರುಗಿಸಿ ಮಾಯ ಮಾಡುತ್ತಿದ್ದ. ಎಲ್ಲಿ ಶುರು, ಎಲ್ಲಿ ಮುಗಿತಾಯ ಎಂದು ಬ್ರಹ್ಮನಿಗೂ ತಿಳಿಯಬಾರದು. ಅಂಥ ಮುಡಿಗಳ ಹೊಟ್ಟೆಯಲ್ಲಿ ವಾಚುಗಳು ಹಾಯಾಗಿ ಪ್ರಯಾಣ ಮಾಡಿದವು. ಗೋಣಿಚೀಲಗಳಿಗೆ ಕಬ್ಬಿಣದ ಸರಳು ಚುಚ್ಚಿ ನೋಡುವ ಕಸ್ಟಮ್ಸಿನವರು ಮುಡಿ ಕಂಡರೆ ಕೈ ಹಿಂದೆಗೆಯುತ್ತಿದ್ದರು. ಮುಡಿಯೆಂದರೆ ಮನೆಯ ಲಕ್ಷ್ಮಿ, ಅದಕ್ಕೆ ಯಾರು ಚುಚ್ಚುತ್ತಾರೆ?

ಇಷ್ಟೆಲ್ಲ ಇದ್ದೂ ಮುದ್ದಣ್ಣನಿಗೆ ಸುಖವಿರಲಿಲ್ಲ. ಸಂಪಾದನೆ ಉಂಟು, ತೋರಿಸುವಂತಿಲ್ಲ. ಬುದ್ಧಿ ಉಂಟು, ಹೇಳುವಂತಿಲ್ಲ. ತನ್ನ ಕೈಯಲ್ಲೇ ರಾಶಿ ರಾಶಿ ವಾಚು ದಾಟಿದ್ದರೂ ಒಂದನ್ನು ಕಟ್ಟಿಕೊಳ್ಳುವ ಧೈರ್ಯವಿಲ್ಲ. ಬಸ್ಸಿನಲ್ಲಿ ಕಂಡಕ್ಟರನ ಹತ್ತಿರ, "ಗಂಟೆ ಎಷ್ಟಾಯಿತು ಮಾರಾಯ?" ಎಂದು ಕೇಳಬೇಕು. ಸಣ್ಣ ಪುಟ್ಟ ಕಳ್ಳರ ಹೆಸರು ಪೇಪರಿನಲ್ಲಿ ಬಂದಾಗ ಅವನಿಗೆ ಹೊಟ್ಟೆ ಉರಿಯುತ್ತಿತ್ತು.

ಎಲ್ಲಕ್ಕಿಂತ ದೊಡ್ಡ ಸಂಕಟ ಅಕ್ಕ ಅಪ್ಪಿಯಿಂದ. ಗಂಡ ತೀರಿದ ಮೇಲೆ ಎರಡು ಎಮ್ಮೆ ಸಾಕಿ, ಮಗಳು ಗುಣವತಿಯನ್ನು ಬೆಳೆಸುತ್ತಿದ್ದ ಗಟ್ಟಿ ಹೆಂಗಸು. ತಮ್ಮನೆಂದರೆ ಪ್ರಾಣ. ಅವನು ಊಟಕ್ಕೆ ಕುಳಿತರೆ ಎರಡು ಮೀನು ಹೆಚ್ಚು ಬಡಿಸಿ, "ಪಾಪ, ನನ್ನ ತಮ್ಮನಿಗೆ ಕಟ್ಟಿಕೊಳ್ಳಲಿಕ್ಕೆ ಒಂದು ವಾಚು ಕೂಡ ಇಲ್ಲ," ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳು. ಮುದ್ದಣ್ಣ ತಲೆ ತಗ್ಗಿಸಿ ಮೀನಿನ ಮುಳ್ಳು ಬಿಡಿಸುತ್ತಿದ್ದ. ಅಕ್ಕ, ನಿನ್ನ ತಮ್ಮ ಎಂಥ ಗಟ್ಟಿಗನೆಂದು ನಿನಗೆ ಗೊತ್ತಿಲ್ಲ ಎಂದು ಕೂಗಿ ಹೇಳಬೇಕೆನಿಸುತ್ತಿತ್ತು. ಹೇಳಿದರೆ ಅವಳೇ ಪೊರಕೆ ತೆಗೆದುಕೊಳ್ಳುತ್ತಾಳೆಂದೂ ಗೊತ್ತಿತ್ತು.

ತುರ್ತು ಪರಿಸ್ಥಿತಿ ಬಂತು. ಮಾಲು ಕೊಳ್ಳುತ್ತಿದ್ದ ಮುಂಬಯಿಯ ಧಣಿಗಳನ್ನೆಲ್ಲ ಒಳಗೆ ಹಾಕಿದರು. ಮುದ್ದಣ್ಣನ ಕೈಯಲ್ಲಿ ಉಳಿದದ್ದು ಒಂದೇ ಒಂದು ಮುಡಿ, ಅದರೊಳಗೆ ಅವನ ಜೀವಮಾನದ ಗಳಿಕೆಯನ್ನೆಲ್ಲ ಹಾಕಿ ಕೊಂಡ ವಾಚುಗಳ ಗಂಟು. ಅದನ್ನು ಅಕ್ಕನ ಅಟ್ಟಕ್ಕೇರಿಸಿ, "ಹಳೆ ಅಕ್ಕಿ ಅಕ್ಕ, ಗುಣವತಿಯ ಮದುವೆಗೆ. ಅಲ್ಲಿಯವರೆಗೆ ಮುಟ್ಟಬೇಡ," ಎಂದು ಹೇಳಿ ಹಗ್ಗ ಮಾರಲು ಹೊರಟ.

ಮರುವರ್ಷ ಊರಿನ ದೇವಸ್ಥಾನದಲ್ಲಿ ಬ್ರಹ್ಮಕಲಶದ ಉತ್ಸವ. ಸಾವಿರಾರು ಜನರ ಊಟಕ್ಕೆ ಮನೆಮನೆಯಿಂದ ಅಕ್ಕಿ, ಕಾಯಿ, ತರಕಾರಿಯ ಹೊರೆಕಾಣಿಕೆ ಮೆರವಣಿಗೆಯಲ್ಲಿ ಹೋಯಿತು. ಮುದ್ದಣ್ಣ ಸಂಜೆ ಅಕ್ಕನ ಮನೆಗೆ ಬಂದವನು ಅಭ್ಯಾಸಬಲದಿಂದ ಅಟ್ಟದ ಕಡೆ ನೋಡಿದ. ಅಟ್ಟ ಖಾಲಿ.

"ನಮ್ಮ ಮನೆಯಲ್ಲಿ ಅಷ್ಟು ಚಂದದ ಮುಡಿ ಬೇರೆ ಎಲ್ಲಿ ಉಂಟು?" ಎಂದಳು ಅಪ್ಪಿ. "ದೇವರಿಗೆ ಒಳ್ಳೆಯದನ್ನೇ ಕೊಡಬೇಕಲ್ವಾ? ಮದುವೆಗೆ ಬೇರೆ ಅಕ್ಕಿ ಆದೀತು. ನಿನಗೂ ಸ್ವಲ್ಪ ಒಳ್ಳೆಯ ಕಾಲ ಬರಲಿ ಎಂದು ಹರಸಿಕೊಂಡೇ ಕಳಿಸಿದ್ದೇನೆ."

ಮುದ್ದಣ್ಣ ಸೈಕಲ್ಲು ಹತ್ತಿ ದೇವಸ್ಥಾನಕ್ಕೆ ದೌಡಾಯಿಸಿದ. ಉಗ್ರಾಣದ ಉಸ್ತುವಾರಿ ಅನಂತಪದ್ಮನಾಭ ಭಟ್ಟರದು. ಒಂದು ಮುಡಿ ಬದಲಿಗೆ ಹತ್ತು ಮುಡಿ ಕೊಡುತ್ತೇನೆ ಎಂದ ಮುದ್ದಣ್ಣ. ಭಟ್ಟರು ಕನ್ನಡಕದ ಮೇಲಿಂದ ನೋಡಿ, "ದೇವರಿಗೆ ಒಪ್ಪಿಸಿದ್ದು ಮುಗಿಯಿತು. ಅಷ್ಟು ಭಕ್ತಿ ಇದ್ದರೆ ಹತ್ತನ್ನೂ ತಂದುಕೊಡು, ಬೇಡ ಎನ್ನುವವರು ಯಾರು?" ಎಂದರು. ಒಳಗೆ ಇಣುಕಿದರೆ ಸೂರಿನವರೆಗೆ ಮುಡಿಗಳ ರಾಶಿ.

ಮರುದಿನ ಬೆಳಿಗ್ಗೆ ಮುದ್ದಣ್ಣ ಸ್ವಯಂಸೇವಕನಾದ. ರಾಶಿಯ ತಳದಲ್ಲೆಲ್ಲೋ ಇರುವ ತನ್ನ ಮುಡಿಗಾಗಿ ಉಳಿದ ಮುಡಿಗಳನ್ನೆಲ್ಲ ತಾನೇ ಹೆಗಲ ಮೇಲೆ ಹೊತ್ತು ಅಡುಗೆಯವರಿಗೆ ಕೊಟ್ಟ. ಬೇರೆಯವರು ಒಂದು ಹೊತ್ತರೆ ಇವನು ಮೂರು. ಬೆನ್ನು ಮುರಿಯಿತು. ಊರವರು, "ಮುದ್ದಣ್ಣನಂಥ ಭಕ್ತ ಇನ್ನೊಬ್ಬ ಇಲ್ಲ," ಎಂದು ಹೊಗಳಿದರು. ಜೀವಮಾನದಲ್ಲಿ ಅವನಿಗೆ ಸಿಕ್ಕಿದ ಮೊದಲ ಹೊಗಳಿಕೆ ಅದು, ಅದೂ ಸುಳ್ಳು. ಕೊನೆಗೆ ದೊಡ್ಡ ಊಟದ ದಿನ ಒಂದು ಕ್ಷಣ ನೀರು ಕುಡಿಯಲು ಹೋದ, ಅಷ್ಟೇ. ಬರುವಷ್ಟರಲ್ಲಿ ಯಾರೋ ಬಾಲವಿಲ್ಲದ ಮುಡಿಯನ್ನು ಅಡುಗೆಮನೆಗೆ ಹೊತ್ತೊಯ್ದಿದ್ದರು.

ಬಿಚ್ಚಲು ತುದಿ ಸಿಗದೆ ಅಡುಗೆಯವನು ಕತ್ತಿಯಿಂದ ಸೀಳಿದ. ಚಾಪೆಯ ಮೇಲೆ ಅಕ್ಕಿ ಸುರಿಯಿತು, ಅದರ ಹಿಂದೆ ಬಟ್ಟೆಯ ಗಂಟು ಉರುಳಿತು, ಗಂಟಿನಿಂದ ವಾಚುಗಳು ಚೆಲ್ಲಿದವು. ಹೆಗಲ ಮೇಲೆ ಕುಲುಕಿದ್ದಕ್ಕೋ ಏನೋ, ಎಲ್ಲವೂ ಓಡತೊಡಗಿದ್ದವು, ಒಂದೊಂದೂ ಒಂದೊಂದು ಗಂಟೆ ತೋರಿಸುತ್ತಿತ್ತು. ಬಂದೋಬಸ್ತಿಗೆ ಬಂದಿದ್ದ ಇನ್ಸ್‌ಪೆಕ್ಟರು ಎಲೆ ಬಿಟ್ಟು ಎದ್ದು ಬಂದರು.

"ಇದು ಯಾರ ಮನೆಯ ಮುಡಿ?"

ಯಾರಿಗೂ ಗೊತ್ತಿಲ್ಲ. ತೆಂಗಿನಕಾಯಿ ತುರಿಯುತ್ತಿದ್ದ ಅಪ್ಪಿಗೆ ಗೊತ್ತಿತ್ತು. ಅವಳು ಸೀಳಿದ ಹುಲ್ಲನ್ನೊಮ್ಮೆ, ತಮ್ಮನನ್ನೊಮ್ಮೆ ನೋಡಿ ತುರಿಯುವುದನ್ನು ನಿಲ್ಲಿಸಿದಳು. ಮುದ್ದಣ್ಣ ಕಂಬದ ಮರೆಗೆ ಸರಿದ. ವಾಚು ಹೋದರೆ ಹೋಯಿತು, ತಾನಂತೂ ಬಚಾವು ಎಂದುಕೊಂಡ.

ಅಷ್ಟರಲ್ಲಿ ಯಾರೋ ಹೇಳಿದರು, "ಇಂಥ ಕಟ್ಟು ಈ ಸೀಮೆಯಲ್ಲಿ ಒಬ್ಬನದೇ, ಲೂಯಿಸನದು." ಲೂಯಿಸ್ ಕಟಪಾಡಿಯ ಕ್ರೈಸ್ತ ರೈತ, ಹೆಸರಾಂತ ಮುಡಿಗಾರ, ಒಂದು ಗಾಡಿ ತರಕಾರಿಯನ್ನು ಹೊರೆಕಾಣಿಕೆಗೆ ತಂದು ಅಲ್ಲೇ ನಿಂತಿದ್ದ. ಇನ್ಸ್‌ಪೆಕ್ಟರು ಅವನ ರಟ್ಟೆ ಹಿಡಿದರು.

ಲೂಯಿಸ್ ಬಗ್ಗಿ ಹಗ್ಗವನ್ನು ಮುಟ್ಟಿ ನೋಡಿದ. "ನನ್ನದಲ್ಲ ಸ್ವಾಮಿ. ನನಗೆ ಹೀಗೆ ಕಟ್ಟಲಿಕ್ಕೆ ಬರುವುದಿಲ್ಲ. ಇದನ್ನು ಕಟ್ಟಿದವನನ್ನು ನನಗೂ ಒಮ್ಮೆ ನೋಡಬೇಕಿತ್ತು."

"ಏನು ವಿನಯ!" ಎಂದು ಜನ ನಕ್ಕರು. "ಲೂಯಿಸನ ಕೈಯೇ ಅದು. ಬೇರೆ ಯಾರಿಗೆ ಸಾಧ್ಯ ಉಂಟು?"

ಮುದ್ದಣ್ಣನಿಗೆ ಮೈಯೆಲ್ಲ ಉರಿಯಿತು. ಸಂಪಾದನೆ ದೇವರ ಪಾಲಾಯಿತು, ಈಗ ವಿದ್ಯೆಯೂ ಲೂಯಿಸನ ಪಾಲೇ? ನಿರಪರಾಧಿಯೊಬ್ಬ ಜೀಪು ಹತ್ತುತ್ತಾನೆ ಎಂಬ ಮರುಕವೂ ಆಗ ಬಂದಿತ್ತೆಂದು ಅವನು ಆಮೇಲೆ ಹೇಳುತ್ತಿದ್ದ. ಇದ್ದರೂ ಇರಬಹುದು.

"ಅದು ನನ್ನ ಕಟ್ಟು," ಎಂದ ಮುದ್ದಣ್ಣ, ಕಂಬದ ಮರೆಯಿಂದ ಹೊರಗೆ ಬಂದು.

ಯಾರೂ ನಂಬಲಿಲ್ಲ. "ಮುಡಿ ಹೊತ್ತು ಹೊತ್ತು ಮಂಡೆ ಬಿಸಿಯಾಗಿದೆ ಪಾಪ, ಮಜ್ಜಿಗೆ ಕೊಡಿ," ಎಂದರು ಭಟ್ಟರು. ಇನ್ಸ್‌ಪೆಕ್ಟರು ಅವನ ಹರಿದ ಕಾಲರು ನೋಡಿ, ಆಚೆ ಹೋಗು ಎಂದು ಕೈ ಬೀಸಿದರು.

ಇದು ಮಾತ್ರ ತಡೆಯಲಾಗಲಿಲ್ಲ. ಮುದ್ದಣ್ಣ ಚಕ್ಕಳಮಕ್ಕಳ ಹಾಕಿ ಕುಳಿತ. ಬೈಹುಲ್ಲು ತರಿಸಿ ಹಗ್ಗ ಹೊಸೆದ, ಚೆಲ್ಲಿದ ಅಕ್ಕಿಯನ್ನೇ ತುಂಬಿದ, ಅಡುಗೆಮನೆಯ ಮರದ ಕೊಡತಿಯಿಂದ ಸುತ್ತಲೂ ಬಡಿದ. ಉಣ್ಣುತ್ತಿದ್ದವರೂ ಕೈ ತೊಳೆಯದೆ ಬಂದು ಸುತ್ತ ನಿಂತರು. ಕೊನೆಯ ಸುತ್ತು ಬಿಗಿದು, ತುದಿಯನ್ನು ಹೆಬ್ಬೆರಳಿನಿಂದ ಒಳಗೆ ತಳ್ಳಿ, ಮುಡಿಯನ್ನು ಉರುಳಿಸಿ ಬಿಟ್ಟ. ಲೂಯಿಸ್ ಅದನ್ನು ತಿರುಗಿಸಿ ತಿರುಗಿಸಿ ಬಾಲ ಹುಡುಕಿದ, ಸಿಗಲಿಲ್ಲ. ಅವನು ಕೈ ಮುಗಿದ. ಯಾರೋ ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ ತಟ್ಟಿದರು. ಮುದ್ದಣ್ಣ ಜೀಪು ಹತ್ತುವಾಗ ಮದುಮಗನ ಹಾಗೆ ನಗುತ್ತಿದ್ದ. ಅಕ್ಕನ ಮುಖ ಕಂಡದ್ದು ಜೀಪು ಹೊರಟ ಮೇಲೆ. ಅವಳೊಬ್ಬಳು ಚಪ್ಪಾಳೆ ತಟ್ಟಿರಲಿಲ್ಲ.

ಎರಡು ವರ್ಷ ಜೈಲಾಯಿತು. ಅಪ್ಪಿ ಒಮ್ಮೆಯೂ ನೋಡಲು ಬರಲಿಲ್ಲ. ಬಿಡುಗಡೆಯಾಗಿ ಬಂದವನಿಗೆ ಲೂಯಿಸನೇ ತನ್ನ ಕೊಟ್ಟಿಗೆಯ ಪಕ್ಕ ಜಾಗ ಕೊಟ್ಟ. ಇಬ್ಬರೂ ಸೇರಿ ನಿಟ್ಟೆ, ಕಾರ್ಕಳ, ಮಣಿಪಾಲದವರೆಗೂ ಮದುವೆಮನೆಗಳಿಗೆ ಮುಡಿ ಕಟ್ಟಿಕೊಟ್ಟರು. ಎಂಬತ್ತೊಂದರಲ್ಲಿ ಗುಣವತಿಯ ಮದುವೆ ನಿಶ್ಚಯವಾಯಿತು. ಧಾರೆಗೆ ಸೋದರಮಾವ ನಿಲ್ಲಬೇಕಾದದ್ದು ಕ್ರಮ. ಕರೆ ಬರುತ್ತದೋ ಇಲ್ಲವೋ ಎಂದು ಮುದ್ದಣ್ಣ ದಿನವೂ ದಾರಿ ನೋಡಿದ.

ಅಪ್ಪಿ ತಾನೇ ಬಂದಳು. ಕೂರಲಿಲ್ಲ. ಸೆರಗಿನ ಗಂಟು ಬಿಚ್ಚಿ ಒಂದು ವಾಚು ತೆಗೆದಳು, ಉಡುಪಿಯ ಅಂಗಡಿಯದು, ಸಾದಾ ಚರ್ಮದ ಪಟ್ಟಿ. ಎಮ್ಮೆ ಹಾಲು ಮಾರಿ ಕೊಂಡದ್ದು.

"ಧಾರೆಗೆ ನಿಲ್ಲುವವನು ಬರಿಗೈಯಲ್ಲಿ ಬರಬಾರದು. ಕಟ್ಟಿಕೋ," ಎಂದಳು. ಅವನು ಹಿಂಜರಿದದ್ದು ಕಂಡು ಅದರ ಜೊತೆಗೊಂದು ಚೀಟಿಯನ್ನೂ ಅವನ ಅಂಗೈಯಲ್ಲಿಟ್ಟಳು. "ಹೆದರಬೇಡ. ಇದಕ್ಕೆ ಬಿಲ್ಲು ಉಂಟು."

ಮುದ್ದಣ್ಣ ಗೊಳೋ ಎಂದು ಅತ್ತ. ಪಟ್ಟಿ ಬಿಗಿಯಲು ಆ ಬೆರಳುಗಳಿಗೆ ಅವತ್ತು ಬರಲಿಲ್ಲ. ಅಕ್ಕನೇ ಕಟ್ಟಿದಳು.