ಬಂಗುಡೆಯಲ್ಲಿ ವಿಕಿರಣ ಉಂಟಾ, ಇಲ್ವಾ?

ಸಮುದ್ರದಲ್ಲಿ ವಿಕಿರಣ ಎಷ್ಟಿದೆ ಎಂದು ಅಳೆಯುವುದು ನನ್ನ ಕೆಲಸ. ಹಾಗೆಂದು ಹೇಳಿದ ಕೂಡಲೇ ಕೇಳಿದವರು ಅರ್ಧ ಹೆಜ್ಜೆ ಹಿಂದೆ ಸರಿಯುತ್ತಾರೆ. ಸಮುದ್ರದ ಎದುರೇ ಮನೆ ಕಟ್ಟಿಸಿಕೊಂಡು ನೆಮ್ಮದಿಯಾಗಿ ಇರುವವರಿಗೂ ನನ್ನನ್ನು ಕಂಡರೆ ಭಯ.

ನಾನು ಪ್ರಯೋಗಾಲಯ ಸೇರಿದಾಗ ನಮ್ಮದು ಹೆಚ್ಚುಕಡಿಮೆ ಅಡುಗೆ ಕೆಲಸವೇ ಆಗಿತ್ತು. ಸುರತ್ಕಲ್ ಕಡೆಯಿಂದ ಕ್ಯಾನುಗಟ್ಟಲೆ ಸಮುದ್ರದ ನೀರು ಹೊತ್ತು ತಂದು ಕಾಯಿಸಿ ಬತ್ತಿಸುವುದು, ಮೀನನ್ನು ಒಣಗಿಸಿ ಕುಲುಮೆಯಲ್ಲಿ ಬೂದಿ ಮಾಡುವುದು, ಆ ಬೂದಿಯನ್ನು ಸೀಸದ ಗೋಡೆಯ ಯಂತ್ರದೊಳಗಿಟ್ಟು ಕಾಯುವುದು. ಈಗ ಹೊಸ ಯಂತ್ರ ಬಂದಿದೆ. ಹಳೆಯದರ ಕಣ್ಣಿಗೆ ಬೀಳದ್ದನ್ನೂ ಇದು ಹಿಡಿಯುತ್ತದೆ. ಮೀನು ಸುಡುವುದು ಮಾತ್ರ ತಪ್ಪಿಲ್ಲ. ಕೊಟ್ಟಾರದಲ್ಲಿ ರಸ್ತೆ ಬದಿ ಮೀನು ಮಾರುವ ನನ್ನ ಅಮ್ಮನಿಗೆ ಇದು ಇವತ್ತಿಗೂ ಅರ್ಥವಾಗಿಲ್ಲ. "ಒಳ್ಳೆ ಬಂಗುಡೆಯನ್ನು ಮಸಾಲೆ ಹಾಕದೆ ಕರಟಿಸ್ಲಿಕ್ಕೆ ನಿಮಗೆ ಸಂಬಳ ಬೇರೆ ಕೊಡ್ತಾರಾ?" ಎಂದು ಕೇಳುತ್ತಾಳೆ.

ಒಂದು ಬೆಳಿಗ್ಗೆ ನಾವು ಕೈಗವಸು ತೊಟ್ಟು ಕಡಲ ತಡಿಯಲ್ಲಿ ನೀರು ತುಂಬಿಸುತ್ತಿದ್ದಾಗ, ವಾಕಿಂಗಿಗೆ ಬಂದಿದ್ದ ಮಹಾನುಭಾವರೊಬ್ಬರು ಫೋಟೊ ಹೊಡೆದರು. ಮಧ್ಯಾಹ್ನದೊಳಗೆ ಅದು ಊರಿನ ವಾಟ್ಸಾಪ್ ಗುಂಪುಗಳಲ್ಲೆಲ್ಲ ಓಡಾಡುತ್ತಿತ್ತು: ಸಮುದ್ರದಲ್ಲಿ ವಿಕಿರಣ, ಮೀನು ತಿನ್ನುವವರು ಎಚ್ಚರ. ನಮ್ಮ ನೀರು ಇನ್ನೂ ಪ್ರಯೋಗಾಲಯದ ಬಾಗಿಲು ದಾಟಿರಲಿಲ್ಲ, ಫಲಿತಾಂಶ ಆಗಲೇ ಬಂದಾಗಿತ್ತು. ಅಷ್ಟು ವೇಗದ ಯಂತ್ರ ನಮಗೆ ಯಾರೂ ಕೊಡಿಸಿಲ್ಲ.

ಮರುದಿನದಿಂದ ಅಮ್ಮನ ವ್ಯಾಪಾರ ಬಿದ್ದುಹೋಯಿತು. ಬೂತಾಯಿ ಮೀನೆಲ್ಲ ಬುಟ್ಟಿಯಲ್ಲೇ ಉಳಿದು ಕೊಟ್ಟಾರದ ಬೆಕ್ಕುಗಳೆಲ್ಲ ದಪ್ಪಗಾದವು. ಅಪ್ಪ ಹೋದ ಮೇಲೆ ನಮ್ಮ ಮನೆಯನ್ನು ಸಾಕಿದ್ದು, ನನ್ನನ್ನು ಎಂಎಸ್ಸಿ ಓದಿಸಿದ್ದು ಅದೇ ಬುಟ್ಟಿ. ಅಮ್ಮ ಹೆದರಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. "ಮಗಳೇ, ನೀನೇ ಬಂದು ಒಂದು ಮಾತು ಹೇಳು. ನೀನು ಹೇಳಿದ್ರೆ ನಂಬ್ತಾರೆ," ಎಂದಳು.

ಹೋದೆ. ಹಿಂದಿನ ಸಲದ ವರದಿಯನ್ನೂ ಕಂಕುಳಲ್ಲಿ ಇಟ್ಟುಕೊಂಡು ದೊಡ್ಡ ಜನರ ಹಾಗೆ ಹೋದೆ. ಅಮ್ಮ ಸೆರಗು ಸರಿಮಾಡಿಕೊಂಡು, ಮೊದಲೆಲ್ಲ ದಿನವೂ ಮೀನು ಕೊಳ್ಳುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರನ್ನು ಕೂಗಿ ಕರೆದಳು. "ಮಾಷ್ಟ್ರೇ, ಇವಳು ನನ್ನ ಮಗಳು. ಸಮುದ್ರ ಪರೀಕ್ಷೆ ಮಾಡುವವಳು. ಇವಳತ್ರವೇ ಕೇಳಿ."

ಮೇಷ್ಟ್ರು ಕೇಳಿದ್ದು ಇಷ್ಟೇ. "ಮೀನಿನಲ್ಲಿ ರೇಡಿಯೇಶನ್ ಉಂಟಾ, ಇಲ್ವಾ?"

ಬುದ್ಧಿ ನೆಟ್ಟಗಿರುವ ಯಾರೇ ಆದರೂ ಇಲ್ಲ ಎಂದು ಮನೆಗೆ ಹೋಗುತ್ತಿದ್ದರು. ನಾನು ಓದಿದವಳಲ್ಲವೇ, ಭೂಮಿ ಹುಟ್ಟಿದಾಗಿನಿಂದ ಎಲ್ಲದರಲ್ಲೂ ಅದು ಇಷ್ಟಿಷ್ಟು ಇದ್ದೇ ಇದೆ ಎಂಬುದು ನಾಲಗೆ ತುದಿಯಲ್ಲೇ ಕೂತಿತ್ತು. "ಉಂಟು, ಆದರೆ..." ಎಂದೆ.

ಅಮ್ಮನ ಕೂಗಿಗೆ ಸುತ್ತ ನೆರೆದಿದ್ದವರಲ್ಲಿ ಅರ್ಧ ಜನ ಮುಂದಿನದನ್ನು ಕೇಳಲು ನಿಲ್ಲಲಿಲ್ಲ. ಉಳಿದವರನ್ನಾದರೂ ಹಿಡಿದಿಡೋಣವೆಂದು ವಿವರಣೆಗೆ ಇಳಿದೆ. ಇದು ಪ್ರಕೃತಿಯಲ್ಲೇ ಇರುವಂಥದ್ದು, ಹೆದರುವಂಥದ್ದಲ್ಲ, ಅಣುಸ್ಥಾವರಗಳಿಂದ ಬರುವ ಬಗೆಯದ್ದಂತೂ ನಮ್ಮ ಯಂತ್ರದ ಪತ್ತೆಮಿತಿಗಿಂತ, ಅಂದರೆ ಅದು ಹಿಡಿಯಬಲ್ಲ ಅತಿ ಕಡಿಮೆ ಪ್ರಮಾಣಕ್ಕಿಂತ, ಕೆಳಗಿದೆ ಎಂದೆಲ್ಲ ಹೇಳಿದೆ.

"ಅಂದ್ರೆ ಮಿಷಿನಿಗೂ ಸಿಕ್ಕುದಿಲ್ಲ," ಎಂದು ಮೇಷ್ಟ್ರು ಉಳಿದವರಿಗೆ ಪಾಠ ಮಾಡಿದರು. "ಅಷ್ಟು ಕಳ್ಳ ವಿಷ ಅದು ಮಾರಾಯ್ರೆ."

ನನ್ನ ತಲೆ ಕೆಟ್ಟುಹೋಯಿತು. "ಹಾಗೆ ನೋಡಿದ್ರೆ ಬಾಳೆಹಣ್ಣಿನಲ್ಲೂ ಉಂಟು ಮಾಷ್ಟ್ರೇ. ನಿಮ್ಮ ಮೈಯಲ್ಲೂ ಉಂಟು," ಎಂದೆ.

ಅಮ್ಮನ ಪಕ್ಕದಲ್ಲೇ ಬಾಳೆಹಣ್ಣಿನವನ ಗಾಡಿ. ಇಬ್ಬರೂ ವರ್ಷಗಟ್ಟಲೆ ಒಂದೇ ಟಾರ್ಪಾಲಿನಡಿ ಕೂತವರು. ಕದಳಿ ಆರಿಸುತ್ತಿದ್ದ ಹೆಂಗಸೊಬ್ಬಳು ಹಣ್ಣನ್ನು ಮೆಲ್ಲನೆ ಗಾಡಿಯ ಮೇಲಿಟ್ಟು, ಚೀಲ ಮಡಚಿ ನಡೆದಳು. ನಿಂತ ನಿಲುವಿನಲ್ಲಿ ಎರಡು ವ್ಯಾಪಾರ ಮುಳುಗಿಸಿದ ಹೆಗ್ಗಳಿಕೆ ನನ್ನದಾಯಿತು. ಮೇಷ್ಟ್ರು ತಮ್ಮ ಮೈಯನ್ನು ಒಮ್ಮೆ ಮುಟ್ಟಿ ನೋಡಿಕೊಂಡು ಹೊರಟರು. "ಅಕ್ಕಾ, ನಿಮ್ಮ ಮಗಳನ್ನು ಒಮ್ಮೆ ಮನೆಗೆ ಕರ್ಕೊಂಡು ಹೋಗಿ," ಎಂದ ಬಾಳೆಹಣ್ಣಿನವನು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಡಿಕೆ ಇತ್ತು.

ಮನೆಯಲ್ಲಿ ಅಮ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ನಾನು ಎಂತ ಕೇಳಿದ್ದು ನಿನ್ನತ್ರ? ಇಲ್ಲ ಅಂತ ಹೇಳ್ಲಿಕ್ಕೆ ಅಲ್ವಾ?"

"ಅದು ಸುಳ್ಳಾಗ್ತದೆ ಅಮ್ಮ."

"ನಿನ್ನ ಸತ್ಯದಿಂದ ಇವತ್ತು ಯಾರ ಹೊಟ್ಟೆ ತುಂಬಿತು?"

ನನ್ನ ಹತ್ತಿರ ಉತ್ತರ ಇತ್ತು. ನಾಳೆ ನಿಜವಾಗಿಯೂ ಏನಾದರೂ ಸಮುದ್ರಕ್ಕೆ ಸೇರಿದರೆ ಜನ ನಮ್ಮ ಮಾತನ್ನು ನಂಬಬೇಕು, ಅದಕ್ಕೆ ಇವತ್ತು ಸುಳ್ಳು ಹೇಳಬಾರದು. ಆದರೆ ಐಸಿನಲ್ಲಿ ಮುಳುಗಿ ಬೆಳ್ಳಗಾಗಿದ್ದ ಅವಳ ಬೆರಳುಗಳನ್ನು ನೋಡುತ್ತಾ ಅದನ್ನು ಹೇಳಲು ನನ್ನಿಂದ ಆಗಲಿಲ್ಲ.

ಅಮ್ಮನ ಬುಟ್ಟಿಯನ್ನು ಕೊನೆಗೆ ಉಳಿಸಿದ್ದು ವಿಜ್ಞಾನವಲ್ಲ, ಕೋಳಿ. ಕೋಳಿಗೆ ಎಂಥದೋ ರೋಗವಂತೆ ಎಂಬ ಹೊಸ ಸಂದೇಶ ವಾಟ್ಸಾಪಿಗೆ ಬಂದದ್ದೇ ತಡ, ಭಾನುವಾರ ಮೇಷ್ಟ್ರು ಎಲ್ಲರಿಗಿಂತ ಮೊದಲು ಹಾಜರ್. "ಎಷ್ಟಾದ್ರೂ ಮೀನು ಸೇಫ್ ಅಕ್ಕಾ," ಎನ್ನುತ್ತಾ ಬಂಗುಡೆಯ ಕಿವಿರು ಬಿಡಿಸಿ ನೋಡಿದರು. ಎರಡೇ ವಾರದ ಹಿಂದೆ ಕಳ್ಳ ವಿಷವಾಗಿದ್ದ ಮೀನಿಗಾಗಿ ಈಗ ಸಾಲು ನಿಂತಿತು. ನಮ್ಮ ಹೊಸ ಯಂತ್ರದ ವರದಿ ಕಪಾಟಿನಲ್ಲಿ ಭದ್ರವಾಗಿತ್ತು, ಅದನ್ನು ಯಾರೂ ಕೇಳಲಿಲ್ಲ.

ಅವತ್ತು ಅಮ್ಮನಿಗೆ ನೆರವಾಗಲು ನಾನೂ ಹೋಗಿದ್ದೆ. ಮೀನು ತುಂಬಿಸಿ ಕೊಡುತ್ತಿದ್ದಾಗ, ಹೊಸದಾಗಿ ಬಂದ ಹೆಂಗಸೊಬ್ಬರು ನನ್ನನ್ನು ನೋಡಿ, "ಮಗಳಾ? ಎಂತ ಮಾಡ್ತಾಳೆ?" ಎಂದು ಅಮ್ಮನನ್ನು ಕೇಳಿದರು.

ಅಮ್ಮ ಕತ್ತಿಯಿಂದ ತಲೆಯೆತ್ತಲಿಲ್ಲ. "ಬ್ಯಾಂಕಲ್ಲಿ ಕೆಲಸ," ಎಂದಳು.

ನನಗೆ ಅಳು ಬಂತು. ನಗುವೂ ಬರಬಹುದಿತ್ತು, ಬರಲಿಲ್ಲ.

"ಯಾವ ಬ್ಯಾಂಕು?" ಎಂದರು ಆ ಹೆಂಗಸು. ಅಮ್ಮನ ಕೈ ನಿಂತಿತು. ಅವಳು ನನ್ನ ಮುಖ ನೋಡಿದಳು.

ನಾನು ಒಂದು ಬ್ಯಾಂಕಿನ ಹೆಸರು ಹೇಳಿದೆ.