ಹೇಮಕೂಟದ ಮೆಟ್ಟಿಲು ಶಿಖರ

ಕಂಪ್ಲಿಯ ಉಚ್ಚೆಂಗೆಪ್ಪ ಹಂಪಿಯಲ್ಲಿ ಗೈಡ್ ಆಗಿ ಇಪ್ಪತ್ತೆರಡು ವರ್ಷವಾಗಿತ್ತು. ಹೇಮಕೂಟದ ಬಂಡೆ ಹತ್ತಿದ ಕೂಡಲೇ, ಮೆಟ್ಟಿಲು ಮೆಟ್ಟಿಲಾಗಿ ಏರಿದ ಕಲ್ಲಿನ ಶಿಖರಗಳತ್ತ ಕೊಡೆ ಚಾಚಿ, "ಇವೆಲ್ಲ ಜೈನರ ಗುಡಿಗಳು" ಎನ್ನುವುದು ಅವನ ರೂಢಿ. ಯಾರೂ ಎದುರಾಡಿರಲಿಲ್ಲ.

ಆ ವರ್ಷ ಕಮಲಾಪುರದ ಶೈಲಶ್ರೀ ಗೈಡ್ ಕೆಲಸಕ್ಕೆ ಸೇರಿದಳು. ಇತಿಹಾಸದಲ್ಲಿ ಎಂ.ಎ. ಮಾಡಿದವಳು. ಮೂರೇ ತಿಂಗಳಲ್ಲಿ ಹೊಸಪೇಟೆಯ ಹೋಟೆಲಿನವರು, "ಆ ಮೇಡಂನ ಕಳಿಸ್ರಿ" ಎನ್ನತೊಡಗಿದರು. ಉಚ್ಚೆಂಗೆಪ್ಪನ ಹೊಟ್ಟೆಗೆ ಬೆಂಕಿ ಬಿತ್ತು. ಅವಳ ಗುಂಪು ನಕ್ಕರೆ ಇವನಿಗೆ ಮಾತು ತಪ್ಪುತ್ತಿತ್ತು. ಅವಳ ನೀರಿನ ಬಾಟಲಿ ಕಂಡರೂ ಸಿಟ್ಟು.

ಒಂದು ದಿನ ಅವನ ಗುಂಪಿನ ಹೆಂಗಸೊಬ್ಬರು ಕೇಳಿದರು: "ಜೈನರದಾದ್ರೆ ತೀರ್ಥಂಕರ ಎಲ್ಲಿ? ಆ ಮೇಡಂ ಶಿವನ ಗುಡಿ ಅಂತಿದ್ದಾರಲ್ಲ?"

ಉಚ್ಚೆಂಗೆಪ್ಪನ ಕಿವಿ ಕೆಂಪಾಯಿತು. ಮರುದಿನ ಬರುವಾಗ ಕಂಪ್ಲಿ ರಸ್ತೆಯ ಗಾಣಗಿತ್ತಿ ಬಸದಿಯ ಎದುರೇ ಬಸ್ ಇಳಿದ. ಅಲ್ಲೂ ಅದೇ ಶಿಖರ! ಅದು ಜಿನನ ಗುಡಿಯೆಂದು ಮುಂದಿನ ಕಂಬದ ಶಾಸನವೇ ಹೇಳುತ್ತದೆ. ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು ಹೇಮಕೂಟಕ್ಕೆ ಹೋಗಿ, ಎಲ್ಲರೆದುರು ಶೈಲಶ್ರೀಯ ಮುಖಕ್ಕೆ ಹಿಡಿದ.

"ನೋಡವ್ವ, ಹಿಂಗ ಇದ್ರ ಜೈನರದು. ಭಾಳ ಓದಿದಾಕಿ ನೀನು!"

"ಅಣ್ಣಾರ, ಇಂಥಾ ಶಿಖರ ಈ ಸೀಮಿ ಪದ್ಧತಿರಿ. ಜೈನರೂ ಕಟ್ಟಿದ್ರು, ಶೈವರೂ ಕಟ್ಟಿದ್ರು. ಬರ್ರಿ, ಇಲ್ಲೊಂದು ಶಾಸನ ಐತಿ." ಅವಳು ಸವೆದ ಅಕ್ಷರಗಳತ್ತ ಬೆರಳು ತೋರಿಸಿದಳು. "ವೀರ ಕಂಪಿಲದೇವ ಶಿವಾಲಯ ಕಟ್ಟಿಸಿ ಮೂರು ಲಿಂಗ ಇಟ್ಟ ಅಂತ ಐತ್ರಿ. ನಿಮ್ಮ ಕಂಪ್ಲಿ ಆಳಿದ ಕಂಪಿಲರಾಯನ ಅಂವ."

ಅವಳು ನಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು. ನಗಲಿಲ್ಲ. ಅದೇ ಗುಡಿಯ ನೆರಳಲ್ಲಿ ಅವನು ವರ್ಷಗಟ್ಟಲೆ ಮಿರ್ಚಿ ಮಂಡಕ್ಕಿ ತಿಂದಿದ್ದ. ತನ್ನೂರಿನ ರಾಜನನ್ನು ತನಗೆ ತೋರಿಸಲು ಈ ಹುಡುಗಿ ಬರಬೇಕಾಯಿತೇ?

ಒಂದು ವಾರ ಅವಳ ಕಣ್ಣಿಗೆ ಬೀಳದಂತೆ ಬೇರೆ ದಾರಿ ಹಿಡಿದ. ಆಮೇಲೆ ದಾವಣಗೆರೆಯಿಂದ ಬಂದ ಮೇಷ್ಟ್ರುಗಳ ಗುಂಪನ್ನು ಅದೇ ಶಾಸನದ ಮುಂದೆ ನಿಲ್ಲಿಸಿ, ಶಿವಾಲಯ ಕಟ್ಟಿಸಿದ ಕಂಪಿಲರಾಯನ ಕಥೆ ಹೇಳಿದ. ಊರಿನ ಅಭಿಮಾನವೆಲ್ಲ ದನಿಗೆ ಬಂತು. ಮೇಷ್ಟ್ರುಗಳು ಚಪ್ಪಾಳೆ ತಟ್ಟಿದರು.

"ಎಲ್ಲಿ ಓದಿಕೊಂಡ್ರಿ ಇದನ್ನ?" ಒಬ್ಬರು ಕೇಳಿದರು.

ಹತ್ತು ಹೆಜ್ಜೆ ಆಚೆ ಶೈಲಶ್ರೀ ನಿಂತು ಕೇಳುತ್ತಿದ್ದಳು.

"ನಮ್ಮೂರ ಕಥಿರಿ. ನಮಗ ಗೊತ್ತಿರಂಗಿಲ್ಲೇನು?" ಎಂದುಬಿಟ್ಟ ಉಚ್ಚೆಂಗೆಪ್ಪ.

ಇಳಿಯುವಾಗ ಅವಳೇ ಹತ್ತಿರ ಬಂದು, "ನನಗಿಂತ ಚಲೋ ಹೇಳಿದ್ರಿ ಅಣ್ಣಾರ" ಎಂದಳು. ಅವನಿಗೆ ನಾಚಿಕೆಯಾಯಿತು. ಏನಾದರೂ ಒಳ್ಳೆಯ ಮಾತು ಹೇಳೋಣವೆಂದು ತಿರುಗಿದ. ಅಷ್ಟರಲ್ಲಿ ಅವನದೇ ಗುಂಪಿನ ಇಬ್ಬರು ಮೇಷ್ಟ್ರುಗಳು ಮುಂದಿನ ಸಲಕ್ಕೆಂದು ಅವಳ ಫೋನ್ ನಂಬರ್ ಬರೆದುಕೊಳ್ಳುತ್ತಿದ್ದರು. ಉಚ್ಚೆಂಗೆಪ್ಪ ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಸರಸರ ಬಂಡೆ ಇಳಿದ.